ಅಲ್ಟ್ರಾಸೌಂಡ್ ಚಿಕಿತ್ಸೆಯಲ್ಲಿ ಸೆನ್ಸಿಟೈಸರ್‌ಗಳು: ಇತಿಹಾಸ

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ, ಮನುಷ್ಯರ ಕಿವಿಗೆ ಕೇಳಿಸದ ಧ್ವನಿಯೇ ಅಲ್ಟ್ರಾಸೌಂಡ್. ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡು ಮಾಡಿಸುವ ಸ್ಕ್ಯಾನಿಂಗ್‌ನಲ್ಲಿರುವುದು ಇದರ ಸೌಮ್ಯ ರೂಪ. ತೀವ್ರತೆ ಹೆಚ್ಚಿಸಿ ಒಂದೇ ಬಿಂದುವಿಗೆ ಕೂಡಿಸಿದರೆ ಅದೇ ಅಲೆ ಅಂಗಾಂಶವನ್ನು ಸುಡಬಲ್ಲದು. ಹಾಗೆ ಸುಡದೆ, ಗೆಡ್ಡೆಯಲ್ಲಿ ಮೊದಲೇ ಸೇರಿಕೊಂಡ ಔಷಧಿಯನ್ನು ಧ್ವನಿಯಿಂದ ಕೆರಳಿಸಿ ಅಲ್ಲಿನ ಜೀವಕೋಶಗಳನ್ನು ಕೊಲ್ಲುವುದು ಸೋನೋಡೈನಮಿಕ್ ಚಿಕಿತ್ಸೆ. ಆ ಔಷಧಿಯೇ ಸೆನ್ಸಿಟೈಸರ್.

ಧ್ವನಿ ಜೀವಿಗಳಿಗೆ ಘಾತ ಮಾಡಬಲ್ಲದೆಂಬುದು ಮೊದಲು ಗೊತ್ತಾದದ್ದು ಜಲಾಂತರ್ಗಾಮಿ ಹುಡುಕುವವರಿಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ನೀರಿನಲ್ಲಿ ಧ್ವನಿ ಹಾಯಿಸಿದಾಗ ಹತ್ತಿರದ ಸಣ್ಣ ಮೀನುಗಳು ಸತ್ತವು. ಅಲೆಯ ದಾರಿಯಲ್ಲಿಟ್ಟ ಕೈ ನೋಯುತ್ತಿತ್ತು. 1927ರಲ್ಲಿ ಅಮೆರಿಕದ ವುಡ್ ಮತ್ತು ಲೂಮಿಸ್ ಈ ಪರಿಣಾಮಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ಚಿಕಿತ್ಸೆಯದಲ್ಲ, ಭೌತಶಾಸ್ತ್ರದ್ದು. ಆದರೂ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಟ್ರಾಸೌಂಡ್ ಹಾಯುತ್ತಿರುವ ದ್ರವದ ಮೂಲಕ ಬೆಳಕು ಬಿಟ್ಟರೆ ಅದು ಹಲವು ಕವಲುಗಳಾಗಿ ಒಡೆಯುತ್ತದೆ. 1932ರಲ್ಲಿ ಪಶ್ಚಿಮದ ಪ್ರಯೋಗಾಲಯಗಳಲ್ಲಿ ಕಂಡ ಈ ನೋಟಕ್ಕೆ ಸಮರ್ಪಕ ಗಣಿತ ಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. ಅವರ ಲೇಖನಮಾಲೆ 1935–36ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟವಾಯಿತು. ಕಾಣದ ಧ್ವನಿಯನ್ನು ಬೆಳಕಿನಿಂದ ಅಳೆಯುವ ವಿಧಾನಗಳಿಗೆ ರಾಮನ್–ನಾಥ್ ಸಿದ್ಧಾಂತ ಇಂದಿಗೂ ಆಧಾರ. ಎಷ್ಟು ಧ್ವನಿ ಎಲ್ಲಿ ತಲುಪಿತೆಂದು ತಿಳಿಯದಿದ್ದರೆ ಚಿಕಿತ್ಸೆಯ ಪ್ರಮಾಣ ನಿಗದಿಯಾಗುವುದು ಹೇಗೆ?

ಅದೇ ಸುಮಾರಿಗೆ, 1934ರಲ್ಲಿ, ಜರ್ಮನಿಯ ಫ್ರೆನ್ಜೆಲ್ ಮತ್ತು ಶುಲ್ಟೆಸ್ ಧ್ವನಿ ಹಾಯಿಸಿದ ನೀರಿನಲ್ಲಿ ಫೋಟೋ ಪ್ಲೇಟುಗಳು ಮಸುಕಾಗುವುದನ್ನು ಗಮನಿಸಿದರು. ಕಾರಣ ಗುಳ್ಳೆಗಳ ಬೆಳಕು: ಧ್ವನಿಯ ಒತ್ತಡಕ್ಕೆ ಹುಟ್ಟಿ ಉಬ್ಬಿದ ಗುಳ್ಳೆ ಥಟ್ಟನೆ ಕುಸಿಯುವಾಗ ಅದರೊಳಗಿನ ಅನಿಲ ವಿಪರೀತ ಕಾದು ಬೆಳಕು ಸೂಸುತ್ತದೆ.

ಬೆಳಕಿಗೆ ಕೆರಳುವ ವಸ್ತುಗಳ ಪರಿಚಯ ಇದಕ್ಕೂ ಹಳೆಯದು. 1900ರಲ್ಲಿ ಮ್ಯೂನಿಕ್‌ನ ಆಸ್ಕರ್ ರಾಬ್, ಅಕ್ರಿಡಿನ್ ಬಣ್ಣ ಹೀರಿದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕಿನಲ್ಲಿ ಬೇಗ ಸಾಯುವುದನ್ನು ತೋರಿಸಿದ್ದರು. ಅದರಿಂದ ಬೆಳೆದ ಫೋಟೋಡೈನಮಿಕ್ ಚಿಕಿತ್ಸೆಗೆ ಒಂದು ದೊಡ್ಡ ತೊಡಕಿತ್ತು: ಬೆಳಕು ಅಂಗಾಂಶದಲ್ಲಿ ಹೆಚ್ಚು ಆಳಕ್ಕೆ ಇಳಿಯದು. ಧ್ವನಿ ಇಳಿಯುತ್ತದೆ.

1989ರಲ್ಲಿ ಜಪಾನಿನ ಯುಮಿತಾ, ಉಮೆಮುರಾ ಮತ್ತು ಸಂಗಡಿಗರು ಈ ಎರಡು ಎಳೆಗಳನ್ನು ಹೆಣೆದರು. ಇಲಿಗಳ ಕ್ಯಾನ್ಸರ್ ಜೀವಕೋಶಗಳಿಗೆ ಬೆಳಕಿಗೆ ಕೆರಳುವ ಹೆಮಟೋಪಾರ್ಫಿರಿನ್ ಔಷಧಿ ಬೆರೆಸಿ 1.92 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಹಾಯಿಸಿದರು. ಔಷಧಿಯೊಂದರಿಂದಲೇ ಹಾನಿಯಾಗಲಿಲ್ಲ; ಜೊತೆಗೆ ಧ್ವನಿ ಸೇರಿದಾಗ, ಧ್ವನಿಯೊಂದರಿಂದಲೇ ಆಗುವುದಕ್ಕಿಂತ ಹೆಚ್ಚು ಕೋಶಗಳು ಸತ್ತವು. ಗುಳ್ಳೆ ಕುಸಿಯುವಾಗಿನ ಬೆಳಕೇ ಔಷಧಿಯನ್ನು ಕೆರಳಿಸಿ, ಕೋಶಗಳನ್ನು ಕೊಲ್ಲುವ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸುತ್ತದೆ ಎಂಬುದು ಅವರ ವಿವರಣೆ. ಅಲ್ಲ, ಗುಳ್ಳೆಯ ಬಿಸಿಯಲ್ಲಿ ಹುಟ್ಟುವ ರಾಸಾಯನಿಕಗಳೇ ಕಾರಣ ಎನ್ನುವವರೂ ಇದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ. ಚಿಕಿತ್ಸೆ ನಿಧಾನವಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಗುಳ್ಳೆಗಳನ್ನೇ ಹೊರಗಿನಿಂದ ಕೊಡುವುದು ಇನ್ನೊಂದು ದಾರಿ. 1968ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಹೃದಯದೊಳಕ್ಕೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ ಚುಚ್ಚಿದಾಗ ಎದ್ದ ಸಣ್ಣ ಗುಳ್ಳೆಗಳು ಅಲ್ಟ್ರಾಸೌಂಡ್‌ನ ಪ್ರತಿಧ್ವನಿಯಲ್ಲಿ ಎದ್ದು ಕಂಡವು. ಅದೇ ಬಣ್ಣವನ್ನು ಮುಂದೆ ಸೆನ್ಸಿಟೈಸರ್ ಆಗಿಯೂ ಪರೀಕ್ಷಿಸಲಾಯಿತು. 2001ರಲ್ಲಿ ಕುಲ್ಲೆರ್ವೊ ಹೈನಿನೆನ್ ತಂಡ ಮೈಕ್ರೋಬಬಲ್ ಎಂಬ ಇಂಥ ಸಣ್ಣ ಗುಳ್ಳೆಗಳ ನೆರವಿನಿಂದ ಮೊಲಗಳಲ್ಲಿ ರಕ್ತ–ಮೆದುಳಿನ ನಡುವಿನ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಸೆನ್ಸಿಟೈಸರ್‌ಗಳಾಗಿ ಟೈಟಾನಿಯಂ ಡೈಆಕ್ಸೈಡ್‌ನ ನ್ಯಾನೋ ಕಣಗಳೂ ಪ್ರಯೋಗಾಲಯಗಳಲ್ಲಿವೆ.

ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಮುಂದಿರುವುದು 5-ಎಎಲ್‌ಎ ಎಂಬ ಸೆನ್ಸಿಟೈಸರ್. ಕುಡಿಸಿದ ಬಳಿಕ ಇದು ಗ್ಲಯೋಮಾ ಎಂಬ ಮೆದುಳು ಗೆಡ್ಡೆಯ ಕೋಶಗಳಲ್ಲಿ ಪ್ರೋಟೋಪಾರ್ಫಿರಿನ್ ಆಗಿ ಶೇಖರವಾಗುತ್ತದೆ; ನೀಲಿ ಬೆಳಕಿನಲ್ಲಿ ಗುಲಾಬಿಯಾಗಿ ಹೊಳೆದು ಶಸ್ತ್ರವೈದ್ಯರಿಗೆ ಗೆಡ್ಡೆಯ ಅಂಚು ತೋರಿಸುತ್ತದೆ. ಈ ಹೊಳಪಿಗಾಗಿ ಅಮೆರಿಕ 2017ರಲ್ಲಿ ಅನುಮತಿ ಕೊಟ್ಟಿತು. ತಲೆಬುರುಡೆ ತೆರೆಯದೆ ಧ್ವನಿಯಿಂದ ಅದನ್ನು ಕೆರಳಿಸುವ ಪ್ರಯೋಗ ಅಮೆರಿಕದ ಫೀನಿಕ್ಸ್ ನಗರದ ಬ್ಯಾರೋ ನರವಿಜ್ಞಾನ ಸಂಸ್ಥೆಯಲ್ಲಿ 2020ರ ದಶಕದ ಆರಂಭದಲ್ಲಿ ಶುರುವಾಯಿತು. ಈ ಔಷಧಿ ತೆಗೆದುಕೊಂಡವರು ಒಂದೆರಡು ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ, ಏಕೆಂದರೆ ಚರ್ಮದಲ್ಲಿ ಉಳಿದ ಅಂಶ ಬೆಳಕಿಗೂ ಕೆರಳುತ್ತದೆ.