ಹಾಡು ಯಾರದ್ದು, ಹೆಸರು ಯಾರದ್ದು?

ರಾಕ್ ಅಂಡ್ ರೋಲ್ ಅಂದರೆ ಹೊಟ್ಟೆ ತುಂಬಿದವರ ಕುಣಿತ ಅಂತ ಮೂಗು ಮುರಿಯುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಅದರ ಹುಟ್ಟನ್ನು ಅವರು ನೋಡಿಲ್ಲ. ಮಿಸಿಸಿಪಿಯ ಕಪ್ಪು ಕೂಲಿಕಾರ ಆರ್ಥರ್ ಕ್ರುಡಪ್ 1946ರಲ್ಲಿ ಹಾಡಿದ್ದನ್ನೇ 1954ರಲ್ಲಿ ಮೆಂಫಿಸ್‌ನ ಬಿಳಿಯ ಹುಡುಗ, ಲಾರಿ ಓಡಿಸುತ್ತಿದ್ದ ಎಲ್ವಿಸ್ ಪ್ರೀಸ್ಲಿ ಹಾಡಿದ. ಕಪ್ಪು ಜನರ ಬ್ಲೂಸ್‌ಗೆ ಬಿಳಿಯ ಬಡವರ ಹಳ್ಳಿಹಾಡು ಕೂಡಿ ‘ರಾಕಬಿಲಿ’ ಆಯಿತು. ಎಲ್ವಿಸ್ ದೊರೆಯಾದ. ಕ್ರುಡಪ್ ತನ್ನ ರಾಯಧನಕ್ಕಾಗಿ ಅಲೆದು ಅಲೆದು 1974ರಲ್ಲಿ ಸತ್ತ.

ಆಮೇಲೆ ಲಂಡನ್ನಿನಲ್ಲಿ ಪಂಕ್ ಬಂತು, ಕೆಲಸವಿಲ್ಲದ ಹುಡುಗರ ಸಿಟ್ಟಿನ ಸಂಗೀತ. ‘ಕ್ಲ್ಯಾಶ್’ ತಂಡ 1978ರಲ್ಲಿ ವರ್ಣದ್ವೇಷದ ವಿರುದ್ಧದ ಬಹಿರಂಗ ಸಭೆಯಲ್ಲಿ ಹಾಡಿತು. 1979ರ ಡಿಸೆಂಬರಿನಲ್ಲಿ ಬಂದ ಅವರ ‘ಲಂಡನ್ ಕಾಲಿಂಗ್’ನಲ್ಲಿ 1959ರ ರಾಕಬಿಲಿ ಹಾಡೂ ಇತ್ತು, ಜಮೈಕಾದ ಕಪ್ಪು ಜನರ ತಾಳವೂ ಇತ್ತು. ಹಳೆಯದನ್ನೆಲ್ಲ ಸುಡ್ತೇವೆ ಅಂದವರೇ ಅಜ್ಜನ ಪೆಟ್ಟಿಗೆ ತೆಗೆದರು! ನಮಗೆ ಇದು ಮೆಚ್ಚಿಗೆಯೇ. ಆದರೆ ರಟ್ಟಿನ ಮೇಲಿನ ಅಕ್ಷರಗಳ ಬಣ್ಣ, ಜೋಡಣೆ ಎಲ್ವಿಸ್‌ನ 1956ರ ತಟ್ಟೆಯದ್ದು. ಅಲ್ಲಿಯೂ ಕ್ರುಡಪ್ ಇಲ್ಲ.

ಇದನ್ನೆಲ್ಲ ಅಂಕೋಲೆಯವರು ಯಾಕೆ ಓದಬೇಕು? ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗಾಗಿ. ಹಾಲಕ್ಕಿ ಒಕ್ಕಲು ಹೆಂಗಸರ ಬಾಯಿಂದ ಬಾಯಿಗೆ ಬಂದ ಹಾಡುಗಳ ದೊಡ್ಡ ಕಣಜ ಅವರು. ಸಾರಾಯಿಯ ವಿರುದ್ಧ ಬೀದಿಗಿಳಿದವರೂ ಅವರೇ. ಹಳೇ ಹಾಡು, ಹೊಸ ಬಂಡಾಯ ಎರಡೂ ಒಂದೇ ಜೀವದಲ್ಲಿ ಇರಲಿಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಹಾಡುಗಳು ಈಗ ಯಾರವು? 1957ರ ಕೃತಿಸ್ವಾಮ್ಯ ಕಾಯ್ದೆ ಬರೆದವನ್ಯಾರು ಅಂತ ಕೇಳುತ್ತದೆ. ಕೊಪ್ಪದ ಹಾಡನ್ನು ಒಬ್ಬರು ಕಟ್ಟಿದ್ದಲ್ಲ, ಹಾಗಾಗಿ ಕಾನೂನಿಗೆ ಅದು ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದು ಕೊನೆಗೆ ಯಾರ ಪಾಲಾಗುತ್ತದೆ ಅನ್ನುವುದನ್ನು ಗೇಣಿ ಒಕ್ಕಲುಗಳಿಗೆ ಹೇಳಿಕೊಡಬೇಕಾಗಿಲ್ಲ. 1994ರ ತಿದ್ದುಪಡಿ ಹಾಡಿದವರಿಗೆ ಹಕ್ಕು ಕೊಟ್ಟಿತು, ಸರಿ. ಆದರೆ ಹಾಡು ಕಲಿಸಿದ ಕೊಪ್ಪಕ್ಕೆ ಅದರಲ್ಲಿ ಪಾಲಿಲ್ಲ. ಗುಮಟೆಯ ಕಥೆ ಬೇರೆಯೇ ಇದೆ: ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಉಡವನ್ನು ಕಾಪಾಡಿತು. ಉಡ ಉಳಿಯಲಿ. ಗುಮಟೆಗೆ ಬೇರೆ ಚರ್ಮ ಹುಡುಕುವ ಕಷ್ಟ ಮಾತ್ರ ಬಾರಿಸುವವರ ಪಾಲಿಗೇ ಬಂತು.

ಮೇಷ್ಟರುಗಳೇ, ಮಕ್ಕಳನ್ನು ಕೊಪ್ಪಕ್ಕೆ ಕರೆದೊಯ್ದು ಹಾಡು ಬರೆಸಿಕೊಳ್ಳುವಾಗ ಪ್ರತಿ ಹಾಡಿನ ತಲೆಗೆ ಹಾಡಿದವಳ ಹೆಸರು, ಅವಳಿಗೆ ಕಲಿಸಿದವಳ ಹೆಸರು, ಕೊಪ್ಪದ ಹೆಸರು ಬರೆಸಿ. ಒಂದು ಪ್ರತಿ ಆ ಕೊಪ್ಪದಲ್ಲೇ ಇರಲಿ.