ಸರ್ಪಗಂಧಿಯ ಬೀಜಮೂಲ ಸಂವರ್ಧನೆ

ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಔಷಧವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರ ಲೇಖನವು ಪಾಶ್ಚಾತ್ಯ ವೈದ್ಯರ ಗಮನವನ್ನು ಇತ್ತ ಸೆಳೆಯಿತು. 1952ರಲ್ಲಿ ಬಾಸೆಲ್ ನಗರದಲ್ಲಿ ಈ ಬೇರಿನಿಂದ ರೆಸರ್ಪೀನ್ ಎಂಬ ಔಷಧಸತ್ತ್ವವನ್ನು ಬೇರ್ಪಡಿಸಿದ ಮೇಲಂತೂ ನಮ್ಮ ಕಾಡುಗಳ ಈ ಪುಟ್ಟ ಗಿಡಕ್ಕೆ ವಿಶ್ರಾಂತಿಯೇ ಇಲ್ಲವಾಯಿತು. ಔಷಧಸತ್ತ್ವವು ವಿಶೇಷವಾಗಿ ಬೇರಿನ ತೊಗಟೆಯಲ್ಲಿ ನೆಲಸಿರುವುದರಿಂದ ಗಿಡವನ್ನು ಬುಡಸಹಿತ ಕೀಳುವುದೇ ಇದರ ಕೊಯ್ಲು. ಹಣ್ಣಾಗುವ ಮೊದಲೇ ಕಿತ್ತ ಗಿಡಕ್ಕೆ ಸಂತತಿಯಿಲ್ಲ. 1990ರಿಂದ ಇದರ ವಿದೇಶವ್ಯಾಪಾರವು ಅಂತಾರಾಷ್ಟ್ರೀಯ ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ.

ಬೀಜದಿಂದ ವೃದ್ಧಿಪಡಿಸೋಣವೆಂದರೆ ಅಲ್ಲಿಯೂ ತೊಡಕುಂಟು. ಕಪ್ಪಾಗಿ ಮಾಗುವ ಹಣ್ಣಿನೊಳಗಿನ ಗೊರಟು ಕಲ್ಲಿನಂತೆ ಗಟ್ಟಿ. ಹಲವು ಗೊರಟುಗಳೊಳಗೆ ಭ್ರೂಣವೇ ಪೂರ್ಣವಾಗಿ ಬೆಳೆದಿರುವುದಿಲ್ಲ. ಉಪ್ಪುನೀರಿನಲ್ಲಿ ತೇಲಿದ ಜೊಳ್ಳನ್ನು ತೆಗೆದುಹಾಕಿ, ಮುಳುಗಿದುದನ್ನು ಮಾತ್ರ ಬಿತ್ತಿದರೂ ಅರ್ಧದಷ್ಟು ಮೊಳೆಯದಿರುವುದು ಸಾಮಾನ್ಯ. ಈ ಕಾರಣದಿಂದ ಪ್ರಯೋಗಶಾಲೆಯಲ್ಲಿ ಗೊರಟನ್ನು ಜಾಗರೂಕತೆಯಿಂದ ಒಡೆದು, ಒಳಗಿನ ಬೀಜವನ್ನು ಕ್ಲೋರಿನ್ ದ್ರಾವಣದಿಂದ ನಿರ್ಜೀವಾಣುಗೊಳಿಸಿ, ಭ್ರೂಣವನ್ನು ಬಿಡಿಸಿ ಸೀಸೆಯಲ್ಲಿನ ಪೋಷಕಮಾಧ್ಯಮದ ಮೇಲಿರಿಸುವರು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ಲವಣಮಿಶ್ರಣಕ್ಕೆ ಸಕ್ಕರೆಯನ್ನೂ ಹೆಪ್ಪುಗಟ್ಟಿಸುವ ಅಗರನ್ನೂ ಕೂಡಿಸಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣದ ಹಬೆಯಲ್ಲಿ ಶುದ್ಧಗೊಳಿಸಿದ ಈ ಮಾಧ್ಯಮವು ಗೊರಟಿನ ಬಂಧನದಿಂದ ಬಿಡುಗಡೆಗೊಂಡ ಭ್ರೂಣಕ್ಕೆ ಆಹಾರವನ್ನು ಒದಗಿಸುತ್ತದೆ.

ಉತ್ತಮವಾದ ಒಂದೇ ಗಿಡದ ಗೆಣ್ಣುಗಳಿಂದ, ಬೆಂಜೈಲ್ ಅಡೆನಿನ್ ಎಂಬ ಸಸ್ಯಚೋದಕದ ನೆರವಿನಲ್ಲಿ, ಅಸಂಖ್ಯ ಸಸಿಗಳನ್ನು ಪಡೆಯಬಹುದಾಗಿರುವಾಗ ಭ್ರೂಣವೊಂದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಬೇರಿನ ವ್ಯಾಪಾರಕ್ಕಾಗಿ ತೋಟ ಮಾಡುವವನಿಗೆ ಆ ಮಾರ್ಗವೇ ಯುಕ್ತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಹುಟ್ಟಿದ ಸಸಿಗಳೆಲ್ಲವೂ ಒಂದೇ ಗಿಡದ ಪ್ರತಿರೂಪಗಳು. ಅದನ್ನು ಕೊಲ್ಲಬಲ್ಲ ರೋಗವೊಂದು ಎಲ್ಲವನ್ನೂ ಕೊಲ್ಲಬಲ್ಲುದು. ಕಾಡಿನಿಂದ ಕಾಡಿಗೆ ಔಷಧಸತ್ತ್ವಗಳಾದ ಆಲ್ಕಲಾಯ್ಡುಗಳ ಪ್ರಮಾಣದಲ್ಲಿಯೇ ವ್ಯತ್ಯಾಸವಿರುವ ಈ ಜಾತಿಯಲ್ಲಿ ರಕ್ಷಿಸತಕ್ಕದ್ದು ಆ ವೈವಿಧ್ಯವನ್ನೇ, ಮತ್ತು ಅದು ಬೀಜಗಳಲ್ಲಿ ಹರಡಿಕೊಂಡಿದೆ. ಆದುದರಿಂದ ಅತ್ಯುತ್ತಮವೆನಿಸಿದ ಕೆಲವನ್ನು ಆರಿಸಿಕೊಂಡು ಉಳಿದುದನ್ನು ಎಸೆಯುವ ಅಭ್ಯಾಸ ಇಲ್ಲಿ ಸಲ್ಲದು. ನಿಧಾನವಾಗಿ ಬೆಳೆಯುವ ಭ್ರೂಣಕ್ಕೂ ಸೀಸೆಯೊಂದು ದೊರೆಯಬೇಕು.

ಸೀಸೆಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ತೆಳು, ಹೊರಗಿಟ್ಟೊಡನೆ ಬಾಡುತ್ತದೆ. ಬೇರುಗಳಿಗೆ ಅಂಟಿದ ಅಗರನ್ನು ತೊಳೆದು, ಮುಚ್ಚಳದಡಿಯ ಆರ್ದ್ರತೆಯನ್ನು ದಿನೇ ದಿನೇ ತಗ್ಗಿಸುತ್ತ, ಸಸಿಯನ್ನು ಮಣ್ಣಿಗೆ ಒಗ್ಗಿಸಬೇಕು. ಈ ಅವಸ್ಥೆಯಲ್ಲಿ ತಾಯಿಗಿಡದ ಕಾಡಿನ ಹೆಸರನ್ನು ಹೊತ್ತ ಚೀಟಿಯು ಪ್ರತಿಯೊಂದು ಸಸಿಯೊಡನೆಯೂ ಕುಂಡದಿಂದ ಕುಂಡಕ್ಕೆ ಸಾಗಬೇಕೆಂಬುದು ನನ್ನ ಆಗ್ರಹ. ಚೀಟಿ ಕಳೆದ ಸಸಿ ಔಷಧದ ತೋಟಕ್ಕೆ ಹೋಗಲಿ, ಕೊಡಗಿನ ಕಾಡಿಗೆ ಮರಳಿಸುವುದು ಕೊಡಗಿನ ಬೀಜದ ಸಸಿಯೇ ಆಗಿರಲಿ.