ಹುಳ ಸಾಯಲಿಲ್ಲ ಅಂದ್ರೆ ಔಷಧಿ ಕೆಲಸ ಮಾಡಿಲ್ಲ ಅಂತಾನಾ?

ಬಾಲ್ಕನಿಯ ಗುಲಾಬಿಗೆ ಆನ್‌ಲೈನ್‌ನಲ್ಲಿ ತರಿಸಿದ ಬೇವಿನೆಣ್ಣೆ ಹೊಡೀತೀವಿ. ಮರುದಿನ ನೋಡಿದ್ರೆ ಹುಳ ಅಲ್ಲೇ ಕೂತಿರುತ್ತೆ. ‘ವೇಸ್ಟ್’ ಅಂತ ಒಂದು ಸ್ಟಾರ್ ಕೊಟ್ಟು ಸುಮ್ಮನಾಗ್ತೀವಿ. ನಮಗೆ ಹೋಗೋದು ಮುನ್ನೂರು ರೂಪಾಯಿ. ಕೊಳಕೂರದ ಕಡೆ ಇದೇ ಪ್ರಶ್ನೆಗೆ ವರ್ಷದ ಬೆಳೆಯೇ ಪಣ.

ಜೇವರ್ಗಿ, ಅಫಜಲಪುರ, ಆಳಂದ ಅಂದ್ರೆ ತೊಗರಿ ಸೀಮೆ. 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಲಬುರಗಿ ತೊಗರಿಬೇಳೆ ಈ ನೆಲದ್ದು. ಅದರ ದೊಡ್ಡ ಶತ್ರು ಕಾಯಿಕೊರಕ. ಪತಂಗ ಬಂದು ಮೊಗ್ಗು, ಹೂವಿನ ಮೇಲೆ ಮೊಟ್ಟೆ ಇಡುತ್ತೆ, ಮರಿಹುಳ ಕಾಯಿ ಕೊರೆದು ಕಾಳು ತಿನ್ನುತ್ತೆ.

ಪತಂಗಕ್ಕೆ ಗಿಡದಿಂದಲೇ ಮದ್ದು ಮಾಡೋದು ಹೊಸದೇನಲ್ಲ. ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಗೊಂಚಲು ಹಾಳುಮಾಡುವ ಪತಂಗದ ಹುಳಕ್ಕೆ ತಂಬಾಕಿನ ನಿಕೋಟಿನ್ ಹೊಡೀತಿದ್ರು. ಜರ್ಮನಿಯವರು ಆರ್ಸೆನಿಕ್ ಕೂಡ ಬಳಸಿದ್ರು. ತೋಟದವರೇ ಕಾಯಿಲೆ ಬಿದ್ದರು, 1942ರಲ್ಲಿ ಅಲ್ಲಿ ಅದು ನಿಷೇಧವಾಯಿತು. ಹಾಗಂತ ನಿಕೋಟಿನ್ ಸಾಧುವಲ್ಲ, ಗಿಡದ್ದಾದರೂ ಅದು ಮನುಷ್ಯರಿಗೂ ವಿಷವೇ.

ಬೇವಿನ ದಾರಿ ಬೇರೆ. 1959ರಲ್ಲಿ ಸುಡಾನ್‌ನಲ್ಲಿ ಮಿಡತೆ ಹಿಂಡು ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರ ಮಾತ್ರ ಉಳಿದದ್ದನ್ನು ಜರ್ಮನ್ ಕೀಟವಿಜ್ಞಾನಿ ಹೈನ್ರಿಶ್ ಶ್ಮುಟ್ಟರರ್ ಗಮನಿಸಿದರು. 1962ರಲ್ಲಿ ದೆಹಲಿಯಲ್ಲಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ನೀರು ಸಿಂಪಡಿಸಿ ಬೆಳೆಯನ್ನು ಮಿಡತೆಯಿಂದ ಉಳಿಸಿ ತೋರಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಅದರೊಳಗಿನ ಅಜಾಡಿರಾಕ್ಟಿನ್ ಬೇರ್ಪಟ್ಟಿತು. ಇದು ಹುಳವನ್ನು ತಕ್ಷಣ ಕೊಲ್ಲಲ್ಲ. ಹುಳ ಎಲೆ ತಿನ್ನೋದು ಬಿಡುತ್ತೆ, ಪೊರೆ ಕಳಚೋಕೆ ಆಗದೆ ನಿಧಾನಕ್ಕೆ ಸಾಯುತ್ತೆ. ಹುಳ ಜೀವಂತ ಕಂಡರೂ ಬೆಳೆ ಉಳಿದಿರಬಹುದು.

1994ರಲ್ಲಿ ಅಮೆರಿಕದ ಡಬ್ಲ್ಯೂ.ಆರ್. ಗ್ರೇಸ್ ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ಸಿಕ್ಕಿತು. ನಮ್ಮವರು ತಕರಾರು ಎತ್ತಿದರು. 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬೇವು ನಮ್ಮದೇ ಅಂತ ಎದೆಯುಬ್ಬಿಸಿದೆವು.

ಆದರೆ ಅದೇ ದಶಕದಲ್ಲಿ, 1997-98ರಲ್ಲಿ, ಕಲಬುರಗಿ, ಬೀದರ್ ಕಡೆ ಅಕಾಲಿಕ ಮಳೆ, ಮೋಡ, ಕಾಯಿಕೊರಕ ಸೇರಿ ತೊಗರಿ ನೆಲಕಚ್ಚಿತು. ಸಾಲ ತಂದು ‘ಎಣ್ಣಿ’ (ಆ ಕಡೆ ಕೀಟನಾಶಕಕ್ಕೆ ಹಾಗೇ ಅನ್ನೋದು) ಮೇಲೆ ಎಣ್ಣಿ ಹೊಡೆದರೂ ಹುಳ ಬಗ್ಗಲಿಲ್ಲ. ರೈತರು ಪ್ರಾಣ ಕಳೆದುಕೊಂಡರು. ಹುಳಕ್ಕೆ ಅಂತ ತಂದ ವಿಷವೇ ಕೆಲವರ ಕೊನೆಯಾಯಿತು.

ಬೇವು ಇದ್ದಿದ್ರೆ ಎಲ್ಲರೂ ಉಳೀತಿದ್ರು ಅನ್ನೋದು ಸುಳ್ಳು. ಬಲಿತು ಕಾಯಿಯೊಳಗೆ ಸೇರಿದ ಹುಳಕ್ಕೆ ಬೇವು ಏನೂ ಮಾಡಲ್ಲ. ಅದು ಹೂ ಬಿಡುವಾಗ, ಮೊಟ್ಟೆ ಕಂಡಾಗ, ಮರಿ ಎಳೆಯದಿದ್ದಾಗ ಬೀಳಬೇಕು. ಲೆಕ್ಕ ಸರಳ: 5 ಕೆಜಿ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ನೀರಾಗಿಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊಡೆಯೋದು. ಬಿಸಿಲಿಗೆ ಅದರ ಸತ್ವ ಹೋಗುತ್ತೆ. ದೊಡ್ಡ ಹುಳಗಳನ್ನು ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಶೀಟಿನ ಮೇಲೆ ಉದುರಿಸಿ ಕೊಲ್ಲಬೇಕು.

ಕಷ್ಟ ಇರೋದು ಇಲ್ಲೇ. ಹುಳ ಬರೋದು ನವೆಂಬರ್ ಹೊತ್ತಿಗೆ, ಬೇವಿನ ಹಣ್ಣು ಉದುರೋದು ಮುಂಗಾರಿನಲ್ಲಿ. ಬಿತ್ತನೆಯ ಗಡಿಬಿಡಿಯಲ್ಲೇ ಬೀಜ ಆಯ್ದು ಒಣಗಿಸಿ ಇಟ್ಟವರಿಗೆ ಮಾತ್ರ ಆ ಕಷಾಯ. ಅಂಗಡಿಯ ಬಾಟಲಿ ಹಾಗಲ್ಲ, ಹುಳ ಕಂಡ ದಿನವೇ ಉದ್ರಿಗೆ ಸಿಗುತ್ತೆ.

ಪೇಟೆಂಟ್ ಕೇಸನ್ನು ಯುರೋಪಿನಲ್ಲಿ ಗೆದ್ದೆವು. ಜೂನ್‌ನಲ್ಲಿ ಬೀಜ ಆಯುವ ಕೈಗಳಿಗೆ ಕೂಲಿ ಕೊಡುವವರು ಯಾರು ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.